ಮಾತು ಬಲ್ಲ ಅಣ್ಣ, ತಲೆ ತಗ್ಗಿಸಿದ ತಂಗಿ

(ಜುಮಾ ಖುತ್ಬಾದ ಸಾರಾಂಶ)



 

ಚೆನ್ನಾಗಿ ಮಾತಾಡುವುದನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಹಝ್ರತ್ ಮೂಸಾ(ಅ) ಫಿರ್‌ಔನನ ಬಳಿ ಹೊರಡುವಾಗ, ತಮಗಿಂತ ಸ್ಪಷ್ಟವಾಗಿ ಮಾತಾಡಬಲ್ಲ ಸಹೋದರ ಹಾರೂನ್‌ರನ್ನು(ಅ) ಜೊತೆಗೆ ಬೇಡಿಕೊಂಡರು. ನಮ್ಮ ಪ್ರವಾದಿವರ್ಯರು(ಸ) ಮುಖ್ಯವಾದ ಮಾತನ್ನು ಮೂರು ಸಲ ಹೇಳುತ್ತಿದ್ದರು. ನಮಾಝಿನ ಮಹತ್ವ ತಿಳಿಸಲು, ಮನೆಬಾಗಿಲ ಹೊಳೆಯಲ್ಲಿ ದಿನಕ್ಕೆ ಐದು ಸಲ ಮೀಯುವವನ ಮೈಮೇಲೆ ಕೊಳೆ ಉಳಿದೀತೇ ಎಂದು ಕೇಳಿ, ಉತ್ತರವನ್ನು ಕೇಳುಗರ ಬಾಯಿಂದಲೇ ಹೊರಡಿಸಿದರು. ಹಿಜರಿ 10ರ ವಿದಾಯ ಹಜ್ಜಿನಲ್ಲಿ ಇದು ಯಾವ ದಿನ, ಯಾವ ತಿಂಗಳು, ಯಾವ ಊರು ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆ ಮೌನದ ನಂತರವೇ, ನಿಮ್ಮ ಜೀವ, ಸೊತ್ತು, ಮಾನಗಳೂ ಅಷ್ಟೇ ಪವಿತ್ರ ಎಂದು ಸಾರಿದರು.

ಅದೇ ಸೊತ್ತಿನ ವಿಷಯದಲ್ಲಿ ಇಂದು ಮಾತು ಏನು ಮಾಡುತ್ತಿದೆ? ಇಂಡಿಯ ನಿಂಬೆ ತೋಟವಿರಲಿ, ಸಿಂದಗಿಯ ಹೊಲವಿರಲಿ, ಮುದ್ದೇಬಿಹಾಳದ ಅಂಗಡಿಯಿರಲಿ, ಬಸವನ ಬಾಗೇವಾಡಿಯ ಮನೆಯಿರಲಿ, ಪಾಲಿನ ಪಂಚಾಯ್ತಿಗೆ ನಾವು ಹಿರಿಯರೆನಿಸಿಕೊಂಡು ಹೋಗಿ ಕೂಡುತ್ತೇವೆ. ಮಾತು ಬಲ್ಲ ಅಣ್ಣ ಶುರುಮಾಡುತ್ತಾನೆ: "ಅಬ್ಬಾ ಹಾಸಗಿ ಹಿಡದಾಗ ಯಾರ ನೋಡಿದ್ರು? ದವಾಖಾನಿಗೆ ಯಾರ ಒಯ್ದ್ರು? ಸಾಲಾ ಯಾರ ತೀರಿಸಿದ್ರು?" ಮೂರಕ್ಕೂ ಒಂದೇ ಉತ್ತರ. ಕಣ್ಣೊರೆಸಿಕೊಂಡು ತಂಗಿಯ ಕಡೆ ತಿರುಗುತ್ತಾನೆ: "ನಿನಗ ತವರ ಬೇಕೋ, ಹೊಲಾ ಬೇಕೋ, ಹೇಳವ್ವಾ." ಎರಡೇ ದಾರಿ ತೋರಿಸಿ ಮೂರನೆಯದನ್ನು ಮುಚ್ಚುವ ಹಳೆಯ ಜಾಣತನವಿದು. ತವರೂ ಅವಳದು, ಪಾಲೂ ಅವಳದು ಎಂದು ನಮ್ಮಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಅವಳು ತಲೆ ತಗ್ಗಿಸುತ್ತಾಳೆ. ಒಪ್ಪಿದಳೆಂದು ಬರೆದುಕೊಂಡು ಚಹಾ ಕುಡಿದು ಏಳುತ್ತೇವೆ.

ಸೂರಾ ಅನ್ನಿಸಾದ 11ನೇ ಆಯತ್ ಮಗಳ ಪಾಲನ್ನು ನಿಗದಿ ಮಾಡಿದೆ. ತೀರಿದವರ ಸಾಲ ಕಳೆದ ಮೇಲೆಯೇ ಹಂಚಿಕೆ ಎಂದೂ ಅಲ್ಲೇ ಇದೆ; ಅಣ್ಣನಿಗೆ ಬರಬೇಕಾದ ಬಾಕಿ ಇದ್ದರೆ ಲೆಕ್ಕ ತೋರಿಸಲಿ. ತಂದೆಯ ಸೇವೆಗೆ ಅಲ್ಲಾಹನಲ್ಲಿ ಪ್ರತಿಫಲವಿದೆ, ಅದನ್ನು ತಂಗಿಯ ಪಾಲಿನಿಂದ ಮುರಿದುಕೊಳ್ಳಲು ಬರುವುದಿಲ್ಲ.

ಹಝ್ರತ್ ಉಮ್ಮು ಸಲಮಾ(ರ) ವರದಿ ಮಾಡಿದ ಒಂದು ಘಟನೆ ಅಬೂದಾವೂದ್‌ನಲ್ಲಿದೆ. ವಾರಸಿನ ವ್ಯಾಜ್ಯ ಹಿಡಿದು ಇಬ್ಬರು ಪ್ರವಾದಿವರ್ಯರ(ಸ) ಬಳಿ ಬಂದರು. ಇಬ್ಬರಲ್ಲೂ ಸಾಕ್ಷಿಯಿರಲಿಲ್ಲ, ಬರೀ ವಾದವಿತ್ತು. ನಿಮ್ಮಲ್ಲೊಬ್ಬನು ವಾದದಲ್ಲಿ ಚತುರನಾಗಿರಬಹುದು, ಕೇಳಿದ್ದರ ಮೇಲೆ ನಾನು ತೀರ್ಪು ಕೊಡುತ್ತೇನೆ, ಸಹೋದರನ ಹಕ್ಕು ಅವನ ಕೈಗೆ ಬಂದರೆ ಅದು ಬೆಂಕಿಯ ತುಂಡು ಎಂದು ಅವರು ಎಚ್ಚರಿಸಿದರು. ಇಬ್ಬರೂ ಅತ್ತರು. ನನ್ನ ಹಕ್ಕು ಇವನಿಗೇ ಇರಲಿ ಎಂದು ಒಬ್ಬರಿಗೊಬ್ಬರು ಹೇಳಿದರು. ಆದರೂ ಪ್ರವಾದಿವರ್ಯರು(ಸ) ಆ ಕಣ್ಣೀರಿಗೆ ವಿಷಯವನ್ನು ಮುಗಿಸಲಿಲ್ಲ. ನ್ಯಾಯವಾಗಿ ಭಾಗ ಮಾಡಿ, ಚೀಟಿ ಎತ್ತಿ, ಆಮೇಲೆ ಒಬ್ಬರನ್ನೊಬ್ಬರು ಮನ್ನಿಸಿರಿ ಎಂದು ಕಳಿಸಿದರು.