ಗಾಳಿಗೆ ಕಾದ ಐನೂರ್ವರು



ಆಂಟಿಗುವಾ, ಬಾರ್ಬಡೋಸ್, ಗ್ರೆನಡಾ, ಸೇಂಟ್ ಲೂಸಿಯಾ. ಈ ಹೆಸರುಗಳು ನಮ್ಮ ಊರಕಟ್ಟೆಗೆ ಬಂದದ್ದು ಕ್ರಿಕೆಟ್ ಕಾಮೆಂಟರಿಯಿಂದ. ವಿವಿಯನ್ ರಿಚರ್ಡ್ಸ್ ಆಂಟಿಗುವಾದವರು, ಸೋಬರ್ಸ್ ಬಾರ್ಬಡೋಸಿನವರು ಎಂದು ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಕೆರಿಬಿಯನ್ ಸಮುದ್ರದ ಆ ದ್ವೀಪಗಳಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು, ಒಂದರಿಂದ ಇನ್ನೊಂದಕ್ಕೆ ಹೋಗುತ್ತ ವಾರಗಟ್ಟಲೆ ತಿರುಗುವುದು ಇವತ್ತಿನ ದೊಡ್ಡ ಪ್ರವಾಸ. ಸಮುದ್ರದಿಂದ 200 ಕಿಲೋಮೀಟರಿಗೂ ದೂರ ಇರುವ, ಹನಿ ನೀರಾವರಿಯಿಂದ ಹೆಸರಾದ ನಮ್ಮ ಮರೋಳದವರಿಗೆ ಇದರ ಗೊಡವೆ ಯಾಕೆ ಎನ್ನಬಹುದು. ಆದರೆ ಮರೋಳ ಇರುವ ಹುನಗುಂದ ಸೀಮೆಯಲ್ಲೇ ಐಹೊಳೆಯೂ ಇದೆ. ಆ ಐಹೊಳೆಯ ಹೆಸರು ಸುಮಾರು ಒಂಬೈನೂರು ವರ್ಷಗಳ ಹಿಂದೆ ಹಾಯಿಹಡಗಿನಲ್ಲಿ ಸುಮಾತ್ರಾ ದ್ವೀಪವನ್ನು ಮುಟ್ಟಿತ್ತು.

ಮೊದಲು ಕೆರಿಬಿಯನ್ ಮುಗಿಸೋಣ. ಗ್ವಾಡೆಲೂಪಿನಿಂದ ಗ್ರೆನಡಾದವರೆಗೆ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತಿವೆ. ಹೆಚ್ಚಿನವು ಜ್ವಾಲಾಮುಖಿಯಿಂದ ಎದ್ದ ಎತ್ತರದ ಗುಡ್ಡಗಳು. ನಡುವೆ ಎಷ್ಟೋ ಕಡೆ 30ರಿಂದ 50 ಕಿಲೋಮೀಟರ್ ನೀರು. ಆಕಾಶ ತಿಳಿಯಾಗಿದ್ದರೆ ಒಂದು ದ್ವೀಪದ ದಂಡೆಯಲ್ಲಿ ನಿಂತು ಮುಂದಿನ ದ್ವೀಪದ ಗುಡ್ಡ ನೋಡಬಹುದು. ಗಾಳಿಯೋ, ವರ್ಷದ ಬಹುಪಾಲು ಪೂರ್ವದಿಂದಲೇ ಬರುತ್ತದೆ. ಹಾಯಿದೋಣಿ ನೇರ ಎದುರುಗಾಳಿಗೆ ಹೋಗಲಾರದು, ಓರೆ ಓರೆಯಾಗಿ ತಿರುಗುತ್ತ ಹೋಗಬೇಕು. ಮಗ್ಗುಲಿನಿಂದ ಬೀಸುವ ಅಡ್ಡಗಾಳಿ ಸಿಕ್ಕರೆ ಅದಕ್ಕೆ ಸುಗ್ಗಿ. ಪೂರ್ವದ ಗಾಳಿ, ಉತ್ತರ ದಕ್ಷಿಣದ ದಾರಿ! ಹೋಗುವಾಗಲೂ ಅಡ್ಡಗಾಳಿ, ಬರುವಾಗಲೂ ಅಡ್ಡಗಾಳಿ. ಇಂದು ಬೆಳಿಗ್ಗೆ ಲಂಗರು ಎತ್ತಿ ಸಂಜೆ ಮುಂದಿನ ದ್ವೀಪದಲ್ಲಿ ಊಟ ಮಾಡಿ, ಮನಸ್ಸಾದರೆ ನಾಳೆ ತಿರುಗಿ ಬರಬಹುದು. ಜೂನಿನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲವೊಂದನ್ನು ತಪ್ಪಿಸಿಕೊಂಡರಾಯಿತು.

ನಮ್ಮ ಸಮುದ್ರ ಹಾಗಲ್ಲ. ಇಲ್ಲಿ ಗಾಳಿ ಅರ್ಧ ವರ್ಷ ಒಂದು ದಿಕ್ಕು, ಅರ್ಧ ವರ್ಷ ಅದರ ವಿರುದ್ಧ ದಿಕ್ಕು. ಬೇಸಿಗೆಯಲ್ಲಿ ನೆಲ ಕಾದು ಮೇಲಿನ ಗಾಳಿ ಹಗುರಾಗುತ್ತದೆ, ಆ ಕಡೆಗೆ ಸಮುದ್ರದ ತಂಪುಗಾಳಿ ನೈಋತ್ಯದಿಂದ ನುಗ್ಗುತ್ತದೆ. ಚಳಿಗಾಲದಲ್ಲಿ ನೆಲ ಬೇಗ ತಣಿಯುತ್ತದೆ, ಗಾಳಿ ಈಶಾನ್ಯದಿಂದ ತಿರುಗಿ ಬೀಸುತ್ತದೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಯ ಹೆಸರು ಬಿತ್ತಿಸುವ ಗಾಳಿ, ಹಿಂಗಾರಿಯ ಬಿಳಿಜೋಳದ ಕಾಲದ ಗಾಳಿ, ಇವೇ ಎರಡು ಗಾಳಿಗಳು ಹಡಗುಗಳನ್ನೂ ನಡೆಸಿದವು. ತಮಿಳು ಕರಾವಳಿಯಿಂದ ಪೂರ್ವದ ದ್ವೀಪಗಳಿಗೆ ಹೋಗಲು ನೈಋತ್ಯದ ಗಾಳಿ ಬೇಕು, ಮರಳಿ ಬರಲು ಈಶಾನ್ಯದ್ದು. ನಡುವಿನ ತಿಂಗಳುಗಳಲ್ಲಿ ಹಡಗಿನವರು ಮಾಡುವುದೇನು? ಕಾಯುವುದು. ಚೀನಾದ ಭಿಕ್ಷು ಇತ್ಸಿಂಗ್ 671ರಲ್ಲಿ ಭಾರತಕ್ಕೆ ಹೊರಟವನು ಸುಮಾತ್ರಾದಲ್ಲಿ ಆರು ತಿಂಗಳು ನಿಂತ, ಅಲ್ಲೇ ಸಂಸ್ಕೃತ ವ್ಯಾಕರಣ ಕಲಿತ. ಆಮೇಲೆ ನಿಕೋಬಾರ್ ದ್ವೀಪಗಳನ್ನು ಹಾಯ್ದು ಬಂಗಾಳದ ತಾಮ್ರಲಿಪ್ತಿಗೆ ಬಂದು ಇಳಿದ.

ಐಹೊಳೆಯ ಕಲ್ಲಿನಲ್ಲಿ ಸಮುದ್ರ ಕಾಣಿಸುವುದು ಇದಕ್ಕಿಂತಲೂ ಮೊದಲು. ಮೇಗುಟಿ ಗುಡ್ಡದ ಜಿನಾಲಯದಲ್ಲಿ 634ರ ಶಾಸನವಿದೆ, ಕವಿ ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದದ್ದನ್ನು ಶಾಲೆಯಲ್ಲಿ ಎಲ್ಲರೂ ಓದುತ್ತೇವೆ. ಅದೇ ಶಾಸನದಲ್ಲಿ ಅವನಿಗಿಂತ ಮೊದಲಿನ ಚಾಲುಕ್ಯ ದೊರೆ ಮಂಗಲೇಶ ರೇವತೀದ್ವೀಪವನ್ನು ಗೆದ್ದದ್ದು, ಪುಲಕೇಶಿ ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದು ಕೂಡ ಇದೆ. ಆ ಪುರಿ ಮುಂಬಯಿ ಬಳಿಯ ಎಲಿಫೆಂಟಾ ದ್ವೀಪವೋ ಬೇರೆಯದೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ನನಗೆ ಹಿಡಿಸುವುದು ರವಿಕೀರ್ತಿಯ ಕಣ್ಣು. ನೌಕೆಗಳನ್ನು ಅವನು ಮದ್ದಾನೆಗಳ ಸಾಲಾಗಿ ಕಂಡಿದ್ದಾನೆ. ಮೋಡ ಕವಿದ ಬಾನು ಯಾವುದು, ಕಡಲು ಯಾವುದು ಎಂದು ತಿಳಿಯದಂತೆ ಚಿತ್ರಿಸಿದ್ದಾನೆ.

ಅದು ರಾಜರ ದಂಡಯಾತ್ರೆ, ಗೆದ್ದರು, ತಿರುಗಿ ಬಂದರು. ಹೆಚ್ಚು ಕಾಲ ಬಾಳಿದ್ದು ವರ್ತಕರ ಯಾತ್ರೆ. 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ತನ್ನ ಮೂಲವನ್ನು ಐಹೊಳೆಗೆ ಒಯ್ಯುತ್ತದೆ. ಐನೂರು ಎಂಬುದು ಹೆಸರಾಗಿ ನಿಂತಿತು, ಸದಸ್ಯರು ಅದಕ್ಕಿಂತ ಎಷ್ಟೋ ಹೆಚ್ಚು. ಶಿಕಾರಿಪುರ ಕಡೆಯ ಶಾಸನವೊಂದು ಅವರ ಸರಕಿನ ಪಟ್ಟಿಯನ್ನೇ ಕೊಡುತ್ತದೆ: ಆನೆ, ಮುತ್ತು, ನೀಲ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ನೆಲದ ದಾರಿಯಲ್ಲೂ ನೀರಿನ ದಾರಿಯಲ್ಲೂ ನಡೆದು, ಸಗಟಾಗಿ ಮಾರುತ್ತಿದ್ದರಂತೆ, ಹೆಗಲ ಮೇಲೆ ಹೊತ್ತೂ ಮಾರುತ್ತಿದ್ದರಂತೆ.

ಹಾಗೆಂದು ಹುನಗುಂದದ ಸೆಟ್ಟರೇ ಹಾಯಿ ಬಿಚ್ಚಿ ಸುಮಾತ್ರಾಕ್ಕೆ ಹೋದರು ಎಂದು ನಾನು ಹೇಳುವುದಿಲ್ಲ. ನಮ್ಮ ಅಭಿಮಾನ ಅಷ್ಟು ದೂರ ಹೋಗಬಾರದು. ಸಂಘ ಹಬ್ಬುತ್ತ ಹಬ್ಬುತ್ತ ತಮಿಳು ನಾಡನ್ನು, ಆಂಧ್ರವನ್ನು, ಶ್ರೀಲಂಕಾವನ್ನು ಸೇರಿತು. ಕಡಲಾಚೆ ಸಿಗುವ ಶಾಸನಗಳ ಭಾಷೆ ಹೆಚ್ಚಾಗಿ ತಮಿಳು. ಊರು ಬದಲಾಯಿತು, ಮಾತು ಬದಲಾಯಿತು, ಐನೂರ್ವರೆಂಬ ಹೆಸರು ಮಾತ್ರ ಉಳಿಯಿತು.

ಯಾಕೆ ಉಳಿಯಿತು? ನನ್ನ ಎಣಿಕೆಯಲ್ಲಿ ಅದಕ್ಕೆ ಕಾರಣ ಆ ಕಾಯುವಿಕೆಯೇ. ಕೆರಿಬಿಯನ್ ದೋಣಿಗಾರನಿಗೆ ದಂಡೆಯಲ್ಲಿ ಒಂದು ರಾತ್ರಿ ಸಾಕು. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ನಿಲ್ಲಬೇಕಾದವನಿಗೆ ಉಳಿಯಲು ಜಾಗ ಬೇಕು, ಸರಕಿಗೆ ಉಗ್ರಾಣ ಬೇಕು, ಕೈಮುಗಿಯಲು ಗುಡಿ ಬೇಕು, ತಕರಾರು ಬಿದ್ದರೆ ತೀರ್ಮಾನಿಸಲು ನಂಬಿಗಸ್ತರು ಬೇಕು. ಪರದೇಶದಲ್ಲಿ ಇದನ್ನೆಲ್ಲ ಒಬ್ಬನೇ ಕಟ್ಟಿಕೊಳ್ಳಲಾರ. ಸಂಘ ಬೇಕಾದದ್ದು ಅಲ್ಲಿ.

ಸುಮಾತ್ರಾದ ಪಶ್ಚಿಮ ದಂಡೆಯಲ್ಲಿ ಬರೂಸ್ ಎಂಬ ಬಂದರಿದೆ, ಕರ್ಪೂರಕ್ಕೆ ಹಿಂದಿನಿಂದಲೂ ಪ್ರಸಿದ್ಧ. ಅದರ ಸಮೀಪದ ಲೋಬು ತುವಾ ಎಂಬಲ್ಲಿ 1873ರಲ್ಲಿ ಒಂದು ಕಲ್ಲು ಸಿಕ್ಕಿತು. ಕ್ರಿ.ಶ. 1088ರದು, ತಮಿಳಿನದು, ಒಡೆದುಹೋಗಿದೆ. ಐನೂರ್ವರು ಅಲ್ಲಿ ಸಭೆ ಸೇರಿ ಮಾಡಿದ ಕಟ್ಟಳೆ ಅದರಲ್ಲಿದೆ. ಹಡಗಿನ ಒಡೆಯನಾಗಲಿ ನಾವಿಕರಾಗಲಿ, ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಚಿನ್ನದ ಸುಂಕ ಕಟ್ಟಬೇಕು. ಕಟ್ಟಿದ ಮೇಲೆಯೇ ಒಳಗೆ ಪ್ರವೇಶ.