ಗೋಡೆಯ ರೊಕ್ಕ ಯಾರು ಕೊಟ್ಟರು?

(ಬೈರಿದೇವರಕೊಪ್ಪದ ಮಹಿಳಾ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ನಾವೆಲ್ಲ ಕೂಡಿ ಪೇಪರ್ ಓದುತ್ತಿದ್ದೆವು. ಅದರಲ್ಲಿ ಅಮೆರಿಕದ ಗೋಡೆಯ ಸುದ್ದಿ ಇತ್ತು. 'ಗೋಡೆ' ಅನ್ನುವ ಶಬ್ದ ಎಲ್ಲರೂ ಓದಿದಿರಿ. 'ತೆರಿಗೆ' ಕೂಡ ಓದಿದಿರಿ. 'ಆಮದು ಸುಂಕ' ಬಂದಾಗ ಎಲ್ಲರ ಬೆರಳೂ ನಿಂತಿತು. ಆಮದು ಅಂದರೆ ಹೊರದೇಶದಿಂದ ತರಿಸುವುದು. ಸುಂಕ ಅಂದರೆ ಹಾಗೆ ತರಿಸಿದ ಮಾಲಿನ ಮೇಲೆ ಸರಕಾರ ತೆಗೆದುಕೊಳ್ಳುವ ರೊಕ್ಕ.

ಆಗ ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು: "ಗ್ವಾಡಿ ಕಟ್ಟೋರು ಇವರು. ರೊಕ್ಕ ಕೊಡೋರು ಬಾಜೂ ದೇಶದವರು ಅಂತ. ಹಂಗ ಹೆಂಗ ಆಗ್ತದ್ರೀ?"

ಪ್ರಶ್ನೆ ಒಳ್ಳೆಯದಿತ್ತು. ಆದರೆ ಅವತ್ತು ನಳಕ್ಕೆ ನೀರು ಬರುವ ದಿನ. ಎಲ್ಲರೂ ಕೊಡ ನೆನೆದು ಎದ್ದು ಓಡಿದಿರಿ. ಇವತ್ತು ಆ ಮಾತು ಮುಗಿಸೋಣ.

ಮೊದಲು ಆ ಗೋಡೆಯ ಕಥೆ. ಅಮೆರಿಕದ ದಕ್ಷಿಣಕ್ಕೆ ಮೆಕ್ಸಿಕೋ ಅನ್ನುವ ದೇಶ ಇದೆ. ಎರಡೂ ದೇಶಗಳ ನಡುವಿನ ಗಡಿ 3,000 ಕಿಲೋಮೀಟರಿಗಿಂತ ಉದ್ದ. ಮೆಕ್ಸಿಕೋ ಕಡೆಯಿಂದ ಬಡವರು ಕೆಲಸ ಹುಡುಕಿಕೊಂಡು ಗಡಿ ದಾಟಿ ಬರುತ್ತಾರೆ. 2016ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಅವರು ಗಡಿಗೆ ಗೋಡೆ ಕಟ್ಟುತ್ತೇವೆ, ಅದರ ಖರ್ಚು ಮೆಕ್ಸಿಕೋ ಕೊಡುತ್ತದೆ ಎಂದು ಹೇಳಿ ಗೆದ್ದರು. ಮೆಕ್ಸಿಕೋ ಕೊಡುವುದಿಲ್ಲ ಅಂದಿತು. ಆಗ, 2017ರ ಜನವರಿಯಲ್ಲಿ, ಟ್ರಂಪ್ ಅವರ ವಕ್ತಾರರು ಒಂದು ಉಪಾಯ ಹೇಳಿದರು. ಮೆಕ್ಸಿಕೋದಿಂದ ಬರುವ ಮಾಲಿನ ಮೇಲೆ ನೂರಕ್ಕೆ 20 ರಂತೆ ಸುಂಕ ಹಾಕಿದರೆ ಗೋಡೆಯ ರೊಕ್ಕ ಹುಟ್ಟುತ್ತದೆ ಎಂದು.

ಕೇಳಲು ಸರಿ ಅನ್ನಿಸುತ್ತದೆ, ಅಲ್ಲವೇ? ಅವರ ಮಾಲು, ಅವರ ಮೇಲೆ ಸುಂಕ.

ಆದರೆ ಸುಂಕದ ಚೀಟಿ ಯಾರ ಕೈಗೆ ಬರುತ್ತದೆ? ಮಾಲು ಕಳಿಸಿದವನ ಕೈಗಲ್ಲ, ಮಾಲು ತರಿಸಿಕೊಂಡವನ ಕೈಗೆ. ಮೆಕ್ಸಿಕೋದ ಟೊಮೆಟೊ ಅಮೆರಿಕದ ಗಡಿಗೆ ಬಂದಾಗ ಅಮೆರಿಕದ ವ್ಯಾಪಾರಿಯೇ ಸುಂಕ ಕಟ್ಟಿ ಬಿಡಿಸಿಕೊಳ್ಳಬೇಕು. ಅವನು ತನ್ನ ಕಿಸೆಯಿಂದ ಎಷ್ಟು ದಿನ ಕಟ್ಟಿಯಾನು? ಟೊಮೆಟೊದ ಬೆಲೆಗೆ ಸೇರಿಸುತ್ತಾನೆ. ಕೊನೆಗೆ ಅಲ್ಲಿನ ತಾಯಂದಿರೇ ಆ ಸುಂಕ ಕೊಡಬೇಕು.

ಆ 20 ರ ಸುಂಕ ಆಗ ಬರಲಿಲ್ಲ. ಗೋಡೆಯಂತೂ ಎದ್ದಿತು. 2021ರ ಆರಂಭದ ಹೊತ್ತಿಗೆ ಸುಮಾರು 730 ಕಿಲೋಮೀಟರ್ ಕಟ್ಟಿದರು. ಅದರಲ್ಲಿ ಹೆಚ್ಚಿನದು ಹಳೇ ಬೇಲಿ ಕಿತ್ತು ಹೊಸದು ನಿಲ್ಲಿಸಿದ್ದು. ರೊಕ್ಕ ಅಮೆರಿಕದ್ದೇ. ಸೈನ್ಯಕ್ಕೆ ಇಟ್ಟ ಹಣವನ್ನೂ ಗೋಡೆಗೆ ತಿರುಗಿಸಿದರು. 2025ರ ಜುಲೈನಲ್ಲಿ ಕಾಯ್ದೆ ಮಾಡಿ ಗೋಡೆಗೆಂದು ಮತ್ತೆ ಸುಮಾರು 4,650 ಕೋಟಿ ಡಾಲರ್ ತೆಗೆದಿಟ್ಟರು. ಅದೂ ಅವರ ಖಜಾನೆಯದೇ.

ಬೇರೆ ಸುಂಕಗಳು ಬಂದವು. 2018ರಲ್ಲಿ ಹೊರದೇಶದ ಬಟ್ಟೆ ಒಗೆಯುವ ಮಷೀನಿಗೆ ಸುಂಕ ಹಾಕಿದರು. ಅಲ್ಲಿನ ಪಂಡಿತರು ಲೆಕ್ಕ ಹಾಕಿ ನೋಡಿದರು. ಒಗೆಯುವ ಮಷೀನಿನ ಬೆಲೆ ನೂರಕ್ಕೆ ಸುಮಾರು 12 ಏರಿತ್ತು. ಅದರ ಜೊತೆ ಬಟ್ಟೆ ಒಣಗಿಸುವ ಮಷೀನೂ ತುಟ್ಟಿಯಾಗಿತ್ತು. ಒಣಗಿಸುವುದಕ್ಕೆ ಸುಂಕವೇ ಇರಲಿಲ್ಲ! ಆದರೆ ಅಲ್ಲಿಯ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿಬಿಟ್ಟರು. ನಮಗೆ ಒಣಗಿಸಲು ಬಿಸಿಲಿದೆ, ಹಗ್ಗವಿದೆ. ಅದಕ್ಕೆ ಇನ್ನೂ ಯಾರೂ ಸುಂಕ ಹಾಕಿಲ್ಲ.

ಇನ್ನು ಅಮೆರಿಕ ಬಿಡೋಣ. ಪಿ.ಬಿ. ರಸ್ತೆಗೆ ಬರೋಣ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಸಂಜೆ ಗಾಡಿ ಇಟ್ಟು ಮಿರ್ಚಿ, ಗಿರಮಿಟ್ಟು ಮಾರುತ್ತಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಅವರು ಅಕ್ಷರ ಕಲಿತ ಮೇಲೆ ದಿನದ ಖರ್ಚು ಬರೆದಿಡುತ್ತಾರೆ. 2024ರ ದಸರೆಯ ಮುಂದಿನ ಹಾಳೆ ತೆಗೆದು ನಮಗೆ ತೋರಿಸಿದರು. ಎಣ್ಣೆ ಡಬ್ಬಿಯ ಬೆಲೆ ಒಮ್ಮೆಲೇ ಜಿಗಿದಿತ್ತು. "ನಾ ಬರಿಯೂದು ತಪ್ಪೇನೋ ಅಂತ ಎರಡ ಸರ್ತಿ ಅಂಗಡಿಗೆ ಹೋಗಿ ಕೇಳಿ ಬಂದೆ" ಅಂದರು. ಬರೆದದ್ದು ಸರಿಯೇ ಇತ್ತು.

ಏನಾಗಿತ್ತು? ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ. ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್ ಕಡೆಯಿಂದ. ಸೋಯಾ ಎಣ್ಣೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ. ಹಡಗಿನಲ್ಲಿ ಮಂಗಳೂರಿನಂಥ ಬಂದರಿಗೆ ಬರುತ್ತದೆ. 2024ರ ಸೆಪ್ಟೆಂಬರ್ 14 ರಿಂದ ಕೇಂದ್ರ ಸರಕಾರ ಈ ಎಣ್ಣೆಯ ಮೇಲೆ ಸುಂಕ ಏರಿಸಿತು. ಕಚ್ಚಾ ಎಣ್ಣೆಗೆ ಎಲ್ಲಾ ಕೂಡಿ ನೂರಕ್ಕೆ 5 ರೂಪಾಯಿ 50 ಪೈಸೆ ಇತ್ತು. ಅದು 27 ರೂಪಾಯಿ 50 ಪೈಸೆ ಆಯಿತು.

ಈಗ ಲೆಕ್ಕದ ಪಾಟಿ ತೆಗೆಯಿರಿ. ಬಂದರಿಗೆ ಬಂದಾಗ ಒಂದು ಕಿಲೋ ಎಣ್ಣೆಗೆ 100 ರೂಪಾಯಿ ಅಂತ ಹಿಡಿಯೋಣ. ಹಳೇ ಸುಂಕ 5.50. ಹೊಸ ಸುಂಕ 27.50. ಕಳೆಯಿರಿ. ಕಿಲೋಕ್ಕೆ 22 ರೂಪಾಯಿ ಹೆಚ್ಚು. ಒಂದು ಡಬ್ಬಿಯಲ್ಲಿ 15 ಕಿಲೋ. 22ನ್ನು 15 ರಿಂದ ಗುಣಿಸಿ. 330. ಮಿರ್ಚಿ ಅಕ್ಕನಿಗೆ ತಿಂಗಳಿಗೆ ನಾಲ್ಕು ಡಬ್ಬಿ ಬೇಕು. 1,320 ರೂಪಾಯಿ! ಅದೇ ಹೊತ್ತಿಗೆ ಹೊರದೇಶದಲ್ಲೂ ಎಣ್ಣೆ ತುಟ್ಟಿಯಾಗುತ್ತಿತ್ತು. ಹಾಗಾಗಿ ಡಬ್ಬಿಯ ಎಲ್ಲ ಏರಿಕೆಯೂ ಸುಂಕದ್ದಲ್ಲ. ಆದರೆ ಸುಂಕದ ಪಾಲು ಇಷ್ಟಾಗುತ್ತದೆ.

ಇಂಡೋನೇಷ್ಯಾದವರು ಈ 1,320 ಕೊಟ್ಟರೇ? ಇಲ್ಲ. ಎಣ್ಣೆ ಕಂಪನಿ? ಅದು ಬೆಲೆಗೆ ಸೇರಿಸಿತು. ಕಿರಾಣಿ ಅಂಗಡಿ? ಅವರೂ ಸೇರಿಸಿದರು. ಇನ್ನು ಮಿರ್ಚಿ ಅಕ್ಕ ಪ್ಲೇಟಿಗೆ ಐದು ರೂಪಾಯಿ ಏರಿಸಬೇಕಿತ್ತು. ಏರಿಸಿದರು. ಎರಡೇ ದಿನ. ಗಿರಾಕಿಗಳು ಮುಂದಿನ ಗಾಡಿಗೆ ಹೋದರು. ಮೂರನೇ ದಿನ ಹಳೇ ಬೆಲೆಗೇ ಕೊಟ್ಟರು. "ಮೆಣಸಿನಕಾಯಿ ಸಣ್ಣೂ ಆರಿಸಿ ತಂದೆ. ಆದರೂ ಹೊಂದಲಿಲ್ಲ. ಸಂಘದ ಉಳಿತಾಯ ಎರಡು ತಿಂಗಳು ತುಂಬಲಿಲ್ಲ" ಎಂದು ಹೇಳಿದರು. ಆಗ ಅವರು ಯಾಕೆ ತುಂಬಲಿಲ್ಲ ಎಂದು ನಮ್ಮಲ್ಲೇ ಕೆಲವರು ಗುಸುಗುಸು ಮಾತಾಡಿದ್ದೆವು. ಅದು ನಮಗೆ ನೆನಪಿದೆ. ಇವತ್ತು ನಾಚಿಕೆಯಾಗುತ್ತದೆ.

ಸುಂಕದ ಭಾರ ಹೀಗೆಯೇ ಕೆಳಗೆ ಜಾರುತ್ತದೆ. ಪ್ರತಿಯೊಬ್ಬರೂ ಮುಂದಿನವರ ಹೆಗಲಿಗೆ ದಾಟಿಸುತ್ತಾರೆ. ದಾಟಿಸಲು ಆಗದವರ ಹೆಗಲ ಮೇಲೆ ಅದು ಕೂಡುತ್ತದೆ. ಒಮ್ಮೊಮ್ಮೆ ಹೊರದೇಶದ ಮಾರುವವನಿಗೇ ಬೇರೆ ಗಿರಾಕಿ ಇರುವುದಿಲ್ಲ. ಆಗ ಅವನು ಬೆಲೆ ಇಳಿಸಿ ಸ್ವಲ್ಪ ಭಾರ ಹೊರುತ್ತಾನೆ. ಅದೂ ಉಂಟು. ಆದರೆ ಎಣ್ಣೆ ಎಲ್ಲಾ ದೇಶಕ್ಕೂ ಬೇಕು. ಒಗ್ಗರಣೆ ಹಾಕದೆ ನಾವೂ ಇರಲಾರೆವು.

ಇಲ್ಲಿ ಇನ್ನೊಂದು ಮಾತಿದೆ. ಇದನ್ನು ಹೇಳದಿದ್ದರೆ ಅನ್ಯಾಯ. ಮಿರ್ಚಿ ಅಕ್ಕ ಲೆಕ್ಕ ಹೇಳುವಾಗ ಪಕ್ಕದಲ್ಲಿ ಕೂತಿದ್ದ ತಂಗಿಯ ಮುಖ ಕೆಂಪಾಯಿತು. ಅವರ ತವರಿನಲ್ಲಿ ಸೋಯಾ ಬೆಳೆಯುತ್ತಾರೆ. "ಯಕ್ಕಾ, ಹೊರಗಿನ ಎಣ್ಣಿ ಸೋವಿ ಬಂದರ ನಮ್ಮ ಸೋಯಾ ಯಾರ ಕೇಳ್ತಾರ? ನಿನಗ ಡಬ್ಬಿ ಚಿಂತಿ, ನಮ್ಮಪ್ಪಗ ಸಾಲದ ಚಿಂತಿ" ಎಂದರು. ನಿಜ. ಸರಕಾರ ಸುಂಕ ಏರಿಸಿದ್ದೂ ಅದೇ ಕಾರಣಕ್ಕೆ. 2024ರಲ್ಲಿ ಸೋಯಾ ಕ್ವಿಂಟಲಿಗೆ ಬೆಂಬಲ ಬೆಲೆ 4,892 ರೂಪಾಯಿ ಇತ್ತು. ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗುತ್ತಿತ್ತು. ಸುಂಕ ಏರಿದ ಮೇಲೂ ಆ ಸುಗ್ಗಿಯಲ್ಲಿ ಬಹಳ ಪೇಟೆಗಳಲ್ಲಿ ಬೆಂಬಲ ಬೆಲೆ ಮುಟ್ಟಲಿಲ್ಲ. ಅಕ್ಕ ಕೊಟ್ಟ ರೊಕ್ಕ ತಂಗಿಯ ಅಪ್ಪನಿಗೆ ಪೂರಾ ತಲುಪಲಿಲ್ಲ. ಸುಂಕ ಹೋಗಿದ್ದು ಕೇಂದ್ರದ ಖಜಾನೆಗೆ. ರೈತನನ್ನು ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಮಿರ್ಚಿ ಗಾಡಿಯ ಕಡಾಯಿಯಿಂದಲೇ ರೊಕ್ಕ ತೆಗೆಯಬೇಕೇ ಅನ್ನುವುದನ್ನು ಕೇಳಬೇಕು. ಅವತ್ತು ಅವರಿಬ್ಬರೂ ಮಾತು ಬಿಟ್ಟು ಮನೆಗೆ ಹೋದರು. ಮರುದಿನ ಒಂದೇ ಚಾಪೆಯ ಮೇಲೆ ಕೂತಿದ್ದರು.

ಮಾಲು ಹೊರಗೆ ಹೋಗುವಾಗಲೂ ಸುಂಕ ಹಾಕುವುದುಂಟು. 2023ರ ಆಗಸ್ಟ್‌ನಲ್ಲಿ ಹೊರದೇಶಕ್ಕೆ ಹೋಗುವ ಉಳ್ಳಾಗಡ್ಡಿಗೆ ನೂರಕ್ಕೆ 40 ರ ಸುಂಕ ಹಾಕಿದರು. ಡಿಸೆಂಬರಿನಲ್ಲಿ ಕಳಿಸುವುದನ್ನೇ ನಿಲ್ಲಿಸಿದರು. 2024ರ ಮೇನಲ್ಲಿ ಮತ್ತೆ ಬಿಟ್ಟರು, ಸುಂಕ ಉಳಿಸಿಕೊಂಡರು. ಅದು ಪೂರಾ ಹೋದದ್ದು 2025ರ ಏಪ್ರಿಲ್ 1 ಕ್ಕೆ. ಆಗ ಭಾರ ತಿರುವುಮುರುವು. ಊರಲ್ಲಿ ಉಳ್ಳಾಗಡ್ಡಿ ಉಳಿಯಿತು, ಕೊಳ್ಳುವವರಿಗೆ ಸೋವಿ. ಅಮರಗೋಳದ ಎ.ಪಿ.ಎಂ.ಸಿ.ಗೆ ಚೀಲ ಹೊತ್ತು ತರುವ ರೈತನಿಗೆ ಪೆಟ್ಟು. ಉಳ್ಳಾಗಡ್ಡಿಯನ್ನು ಎಷ್ಟು ದಿನ ಇಟ್ಟುಕೊಂಡಾನು? ಕೊಳೆಯುತ್ತದೆ.

ಇನ್ನು ಗೋಡೆಯ ಮಾತು. ನಮ್ಮ ದೇಶದಲ್ಲೂ ಒಂದು ಸುಂಕದ ಗೋಡೆ ಇತ್ತು. ಕಲ್ಲಿನದಲ್ಲ, ಮುಳ್ಳಿನದು. ಇಂಗ್ಲಿಷರ ಕಾಲದಲ್ಲಿ ಉಪ್ಪಿಗೆ ಸುಂಕ ಇತ್ತು. ಉತ್ತರ ಭಾರತದಲ್ಲಿ ಒಂದು ಮಣ ಉಪ್ಪಿಗೆ, ಅಂದರೆ ಸುಮಾರು 37 ಕಿಲೋಕ್ಕೆ, 3 ರೂಪಾಯಿ. ಆಗಿನ 3 ರೂಪಾಯಿ ಕೂಲಿಯವನಿಗೆ ಹಲವು ದಿನಗಳ ದುಡಿಮೆ. ರಾಜಸ್ಥಾನದ ಕಡೆ ಉಪ್ಪು ಸೋವಿ. ಅದನ್ನು ಜನ ಕದ್ದು ತರಬಾರದೆಂದು ಸರಕಾರ ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಂಕದ ಗಡಿ ಹಾಕಿತು. 1869ರ ಹೊತ್ತಿಗೆ ಅದು 2,300 ಮೈಲಿ ಉದ್ದ. ಕಾಯಲು ಸುಮಾರು 12,000 ಜನ. ಬಹಳ ಕಡೆ ಜಾಲಿ, ಬಾರಿಗಿಡ, ಪಾಪಾಸಕಳ್ಳಿ ಬೆಳೆಸಿ ಬೇಲಿ ಮಾಡಿದರು. ಒಳ್ಳೆಯ ಜಾಗದಲ್ಲಿ ಅದು ಆಳೆತ್ತರಕ್ಕಿಂತ ಎತ್ತರ ಬೆಳೆದಿತ್ತು. ಈ ಬೇಲಿಯನ್ನು ಬೆಳೆಸಿದವರಲ್ಲಿ ಎ.ಓ. ಹ್ಯೂಮ್ ಅನ್ನುವ ಅಧಿಕಾರಿ ಒಬ್ಬರು. 1885ರಲ್ಲಿ ಕಾಂಗ್ರೆಸ್ ಹುಟ್ಟಲು ಕಾರಣರಾದವರೂ ಅವರೇ!

ಆ ಬೇಲಿಗೆ ನೀರು ಹಾಕಿದವರ ಕೂಲಿ, ಕಾದವರ ಪಗಾರ ಎಲ್ಲಿಂದ ಬಂತು? ಉಪ್ಪಿನ ಸುಂಕದಿಂದಲೇ. ಅಂದರೆ ಗಂಜಿಗೆ ಉಪ್ಪು ಹಾಕಿದ ತಾಯಿಯೇ ತನಗೆ ಅಡ್ಡ ಬಂದ ಬೇಲಿಗೂ ದುಡ್ಡು ಕೊಟ್ಟಳು. 1879ರಲ್ಲಿ ಬೇಲಿ ಬಿಟ್ಟರು. ಸುಂಕ ಬಿಡಲಿಲ್ಲ. ಉಪ್ಪು ಹುಟ್ಟುವ ಜಾಗದಲ್ಲೇ ವಸೂಲಿ ಮಾಡಿದರು. ಆ ಬೇಲಿ ನಮ್ಮ ಧಾರವಾಡದ ಕಡೆ ಬಂದಿರಲಿಲ್ಲ. ಸುಂಕ ಬಂದಿತ್ತು. ಅದಕ್ಕೇ 1930ರ ಏಪ್ರಿಲ್ 13 ರಂದು ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮವರು ಕಾಯ್ದೆ ಮುರಿದು ಉಪ್ಪು ಮಾಡಿದರು. ಉಪ್ಪಿನ ತೆರಿಗೆ ಹೋದದ್ದು 1947ರಲ್ಲಿ.

ಇದನ್ನು ಹೇಳುವಾಗ ನಮ್ಮ ಹಿರಿಯಜ್ಜಿಗೆ ಜಕಾತಿ ನಾಕಾ ನೆನಪಾಯಿತು. ಊರಿನ ಬಾಯಲ್ಲಿ ಗಾಡಿ ನಿಲ್ಲಿಸಿ ಸುಂಕ ತೆಗೆದುಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು. "ನಮ್ಮತ್ತಿ ತುಪ್ಪದ ಗಡಿಗಿ ಸೀರಿ ಗಂಟಿನಾಗ ಇಟ್ಕೊಂಡು ಬರ್ತಿದ್ಲು. ಸಿಕ್ಕಿಬಿದ್ದ ದಿನ ಕೇಳಬ್ಯಾಡ್ರಿ" ಎಂದು ಅಜ್ಜಿ ನಕ್ಕರು. ಸಿಕ್ಕಿಬಿದ್ದ ದಿನ ಪೇಟೆಯಲ್ಲಿ ತುಪ್ಪ ತುಟ್ಟಿ ಮಾಡುತ್ತಿದ್ದಿರಾ ಎಂದು ಕೇಳಿದೆವು. "ಮತ್ತೇನು, ನಮ್ಮ ಮನ್ಯಾಗಿಂದ ಕೊಡಾಕ ಬರ್ತದೇನು?" ಅಂದರು.

ನಾವು ಅರ್ಧ ತಾಸು ಹೇಳಿದ್ದನ್ನು ಅಜ್ಜಿ ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಎಣ್ಣೆಯ ಸುಂಕ ಮುಂದೆ ಏನಾಯಿತು ಅಂತ ಕೇಳಿದ್ದೀರಿ. 2025ರ ಮೇ 30 ಕ್ಕೆ ಕಚ್ಚಾ ಎಣ್ಣೆಯ ಸುಂಕವನ್ನು 27.50 ರಿಂದ 16.50ಕ್ಕೆ ಇಳಿಸಿದರು. ಇಲ್ಲಿ ಒಂದು ಚಮತ್ಕಾರ ನೋಡಿ. 2024ರಲ್ಲಿ ಸುಂಕ ಏರಿದಾಗ ದೇಶದಲ್ಲಿ ಹಳೇ ಸುಂಕದ ಎಣ್ಣೆ ಸುಮಾರು ಒಂದೂವರೆ ತಿಂಗಳಿಗೆ ಸಾಕಾಗುವಷ್ಟು ಇತ್ತು. ಅದು ಮುಗಿಯುವ ತನಕ ಬೆಲೆ ಏರಿಸಬೇಡಿ ಎಂದು ಸರಕಾರ ಕಂಪನಿಗಳಿಗೆ ಹೇಳಬೇಕಾಯಿತು. ಆದರೆ ನಮ್ಮ ಅಕ್ಕನ ಹಾಳೆಯಲ್ಲಿ ಬೆಲೆ ಅಷ್ಟು ದಿನ ಕಾಯಲಿಲ್ಲ. 2025ರಲ್ಲಿ ಸುಂಕ ಇಳಿದಾಗ, ಇಳಿದದ್ದನ್ನು ಜನರಿಗೆ ಮುಟ್ಟಿಸಿ ಎಂದು ಸರಕಾರ ಮತ್ತೆ ಹೇಳಬೇಕಾಯಿತು. ಬೆಲೆಗೆ ಏರುವಾಗ ರೆಕ್ಕೆ ಇರುತ್ತದೆ. ಇಳಿಯುವಾಗ ಮೊಣಕಾಲು ನೋವು.

ಈಗ ಒಂದು ಕೆಲಸ. ಎಣ್ಣೆಯ ಪಾಕೀಟಿನ ಮೇಲೆ ಬೆಲೆಯ ಹತ್ತಿರ 'ಎಲ್ಲಾ ತೆರಿಗೆ ಸೇರಿ' ಅನ್ನುವ ಅರ್ಥದ ಮಾತು ಇರುತ್ತದೆ. ಆ 'ಎಲ್ಲಾ' ಎಷ್ಟು ಅಂತ ಬರೆದಿರುವುದಿಲ್ಲ. ಬಂದರಿನ ಸುಂಕ ಅದರೊಳಗೇ ಕೂತಿರುತ್ತದೆ. ಇನ್ನೊಂದು ನೋಡಿ. ಒಂದು ಲೀಟರ್ ಎಣ್ಣೆ ಅಂದರೆ 910 ಗ್ರಾಂ. ಈಗ ಕೆಲವು ಪಾಕೀಟು ನೋಡಲು ಅಷ್ಟೇ ದೊಡ್ಡದು, ಒಳಗೆ 850 ಗ್ರಾಂ, 800 ಗ್ರಾಂ ಇರುತ್ತದೆ. ಬೆಲೆ ಏರಿಸದೆ ಎಣ್ಣೆ ಇಳಿಸುವುದೂ ಒಂದು ದಾರಿ. ಮಿರ್ಚಿ ಅಕ್ಕ ಸಣ್ಣ ಮೆಣಸಿನಕಾಯಿ ಆರಿಸಿದ ಹಾಗೆ. ಅಕ್ಕನಾದರೋ ಗಿರಾಕಿಯ ಕಣ್ಣ ಮುಂದೆಯೇ ಕರಿಯುತ್ತಾರೆ.

ಮುಂದಿನ ಸೋಮವಾರ ಬರುವಾಗ ಎಲ್ಲರೂ ಮನೆಯ ಖಾಲಿ ಎಣ್ಣೆ ಪಾಕೀಟು ತನ್ನಿ. ಗ್ರಾಂ ಓದೋಣ, ಬೆಲೆ ಓದೋಣ, ಯಾವುದು ನಿಜವಾಗಿ ಸೋವಿ ಅಂತ ಪಾಟಿಯ ಮೇಲೆ ಭಾಗಾಕಾರ ಮಾಡೋಣ. ಸೋಪು ಹಾಕಿ ತೊಳೆದು ತನ್ನಿ, ಮತ್ತ. ಹೋದ ಸಲ ಅಂಗನವಾಡಿಯ ಚಾಪೆಗೆ ಜಿಡ್ಡು ಹತ್ತಿ ಮಾತು ಕೇಳಿದ್ದೇವೆ.