ಚಕ್ರವರ್ತಿಯ ಬೆನ್ನಿಗೊಂದು ಊರು

ಕಣ್ಣಾರೆ ಕಂಡು, ಬೆರಳಿನಿಂದ ಸವರಿ ತಿಳಿಯಬೇಕಾದ ಒಂದು ವಸ್ತುವಿನ ಬಗ್ಗೆ ಇವತ್ತು ಮಾತಾಡಬೇಕು. ರೇಡಿಯೋದಲ್ಲಿ ತೋರಿಸುವ ಹಾಗಿಲ್ಲ. ಆದ್ದರಿಂದ ದಯವಿಟ್ಟು ಒಮ್ಮೆ ಅಂಗೈ ಚಾಚಿ, ಅದರ ಮೇಲೊಂದು ಹಳೆಯ ಕಂಚಿನ ನಾಣ್ಯವಿದೆ ಎಂದುಕೊಳ್ಳಿ. ಅಂಗೈಯ ಗುಳಿ ತುಂಬುವಷ್ಟು ದೊಡ್ಡದು, ಕೈಗೆ ಭಾರ ಹತ್ತುತ್ತದೆ. ಅಂಚು ಸರಿಯಾದ ದುಂಡಗಿಲ್ಲ. ಬಣ್ಣ ಕಡುಹಸಿರು.

ಒಂದು ಬದಿಯಲ್ಲಿ ಅಣ್ಣತಮ್ಮಂದಿರ ಎರಡು ಮುಖ ಎದುರುಬದುರಾಗಿ ಇರಬೇಕಿತ್ತು. ಈಗ ಇರುವುದು ಒಂದೇ. ಇನ್ನೊಂದು ಮುಖವಿದ್ದ ಕಡೆ ಉಳಿಯಿಂದ ಹೆರೆದು ಹಾಕಿದ ಒರಟು ಕಲೆ. ಉಳಿದವನು ಅಣ್ಣ ಕ್ಯಾರಕ್ಯಾಲ, ಅಳಿಸಿಹೋದವನು ತಮ್ಮ ಗೆಟ. ಇಬ್ಬರೂ ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಮಕ್ಕಳು. ಅಪ್ಪ ಸತ್ತ ಕ್ರಿ.ಶ. 211ರಲ್ಲೇ, ಡಿಸೆಂಬರ್ ತಿಂಗಳಲ್ಲಿ, ಅಣ್ಣ ತಮ್ಮನನ್ನು ಕೊಲ್ಲಿಸಿದ. ಗೆಟ ತಾಯಿಯ ತೋಳಿನಲ್ಲೇ ಪ್ರಾಣ ಬಿಟ್ಟನೆಂದು ಆ ಕಾಲದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಗೆಟನ ಹೆಸರು, ರೂಪ ಎಲ್ಲಿದ್ದರೂ ಅಳಿಸಬೇಕೆಂದು ಆಜ್ಞೆಯಾಯಿತು. ಆ ಆಜ್ಞೆ ರೋಮಿನಿಂದ ಹೊರಟು, ಸಮುದ್ರ ದಾಟಿ, ಇವತ್ತಿನ ಟರ್ಕಿಯ ನೈರುತ್ಯ ಮೂಲೆಯ ಸ್ಟ್ರಾಟೊನಿಕೇಯ ಎಂಬ ಪಟ್ಟಣಕ್ಕೆ ಬಂತು. ಅಲ್ಲಿ ಯಾರೋ ಕೂತು, ಸಂತೆಯಲ್ಲಿ ಓಡಾಡುತ್ತಿದ್ದ ಚಿಲ್ಲರೆಯನ್ನು ಒಂದೊಂದಾಗಿ ಕೈಗೆತ್ತಿಕೊಂಡು ಗೆಟನ ಮುಖ ಕೆರೆದರು. ಈಗ ನಾಣ್ಯ ತಿರುಗಿಸಿ. ಹಿಂಬದಿಯಲ್ಲಿ ಪಂಜು ಹಿಡಿದ ಹೆಕಟೆ ನಿಂತಿದ್ದಾಳೆ. ಆಕೆ ಆ ಸೀಮೆಯ ದೇವತೆ. ಅವಳ ಮೇಲೆ ಉಳಿಯ ಗಾಯವಿಲ್ಲ. ಅರಮನೆಯ ಜಗಳ ಒಂದು ಬದಿಗೇ ನಿಂತಿದೆ.

ಇಂಥ ನಾಣ್ಯಗಳನ್ನು ರೋಮನ್ ಪ್ರಾಂತೀಯ ನಾಣ್ಯಗಳು ಎನ್ನುತ್ತಾರೆ. ಗ್ರೀಕ್ ಭಾಷೆಯ ಪೂರ್ವದ ಸೀಮೆಗಳನ್ನು ರೋಮ್ ಗೆದ್ದುಕೊಂಡಿತು, ಆದರೆ ಅಲ್ಲಿನ ಊರುಗಳ ಕಮ್ಮಟಗಳನ್ನು ಮುಚ್ಚಿಸಲಿಲ್ಲ. ಚಿನ್ನದ ನಾಣ್ಯ ಸಾಮ್ರಾಜ್ಯದ ಕೈಯಲ್ಲಿ ಉಳಿಯಿತು. ಬೆಳ್ಳಿಯನ್ನು ಅಂತಿಯೋಕ್ಯ, ಅಲೆಕ್ಸಾಂಡ್ರಿಯದಂಥ ಕೆಲವೇ ಕಡೆ ಅಚ್ಚು ಹಾಕುತ್ತಿದ್ದರು. ದಿನದಿನದ ಕಂಚಿನ ಚಿಲ್ಲರೆ ಮಾತ್ರ ಊರಿನವರದೇ. ಜೂಲಿಯಸ್ ಸೀಸರ್ ಸತ್ತ ಕ್ರಿ.ಪೂ. 44ರಿಂದ ಡಯೊಕ್ಲೀಷಿಯನ್ ಕಾಲದವರೆಗೆ, ಹತ್ತಿರ ಹತ್ತಿರ 340 ವರ್ಷ, ಸುಮಾರು 600 ಊರುಗಳು ಒಂದಲ್ಲ ಒಂದು ಕಾಲದಲ್ಲಿ ತಮ್ಮದೇ ನಾಣ್ಯ ಮಾಡಿಕೊಂಡವು. ಮುಂಬದಿಗೆ ಚಕ್ರವರ್ತಿಯ ತಲೆ, ಹಿಂಬದಿಗೆ ಊರಿನ ಇಷ್ಟ.

ಆ ಹಿಂಬದಿಯ ಅಕ್ಷರಗಳಲ್ಲಿ ನನಗೆ ತುಂಬ ಪ್ರಿಯವಾದ ಒಂದು ಸಂಗತಿಯಿದೆ. ಸಾಮಾನ್ಯವಾಗಿ ಅಲ್ಲಿ ಬರೀ ಊರಿನ ಹೆಸರು ಇರುವುದಿಲ್ಲ. ಗ್ರೀಕಿನಲ್ಲಿ 'ಎಫೆಸಿಯೋನ್' ಎಂದಿರುತ್ತದೆ, ಅಂದರೆ 'ಎಫೆಸದವರದು'. ಷಷ್ಠೀ ವಿಭಕ್ತಿ, ಬಹುವಚನ. ಈ ಕಂಚು ಆ ಊರಿನ ಜನರದು ಎಂದು ಹೇಳಲು ಅವರಿಗೆ ಒಂದೇ ಪದ ಸಾಕಾಗಿತ್ತು. ಕೆಲವು ಕಡೆ ಹಣ ಕೊಟ್ಟವರ ಹೆಸರೂ ಬರುತ್ತದೆ. ಚಕ್ರವರ್ತಿ ಹೇಡ್ರಿಯನ್‌ನ ಪ್ರೀತಿಪಾತ್ರ ಯುವಕ ಆಂಟಿನೊಅಸ್ 130ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ. ಅವನ ಮುಖವಿರುವ ಸ್ಮಿರ್ನದ ನಾಣ್ಯಗಳ ಮೇಲೆ 'ಪೊಲೆಮೋನ್ ಇದನ್ನು ಸ್ಮಿರ್ನದವರಿಗೆ ಅರ್ಪಿಸಿದ' ಎಂದಿದೆ. ಪೊಲೆಮೋನ್ ಆ ಊರಿನ ಹೆಸರಾಂತ ವಾಗ್ಮಿ. ನಮ್ಮ ದೇವಸ್ಥಾನದ ಗಂಟೆಯ ಮೇಲೆ ದಾನಿಯ ಹೆಸರು ಕೊರೆಸಿರುತ್ತಾರಲ್ಲ, ಹಾಗೆ.

ಊರಿನ ಅಭಿಮಾನವೆಂದರೆ ಅವರಿಗೆ ಹುಡುಗಾಟವಲ್ಲ. ಚಕ್ರವರ್ತಿಯ ಗುಡಿ ಕಟ್ಟಲು ಅನುಮತಿ ಸಿಕ್ಕ ಊರಿಗೆ 'ನಿಯೊಕೊರೋಸ್' ಎಂಬ ಬಿರುದು ಸಿಗುತ್ತಿತ್ತು. ಪದದ ಮೂಲಾರ್ಥ ಗುಡಿ ನೋಡಿಕೊಳ್ಳುವವನು ಎಂದು. ಒಂದು ಗುಡಿಯಾದರೆ ಒಂದು ಬಾರಿ, ಎರಡಾದರೆ ಎರಡು ಬಾರಿ ನಿಯೊಕೊರೋಸ್. ನಾಣ್ಯದ ಮೇಲೆ ಆ ಲೆಕ್ಕ ಬಿಡದೆ ಬರೆಸುತ್ತಿದ್ದರು, ಗುಡಿಗಳ ಚಿತ್ರವನ್ನೂ ಎಣಿಕೆಗೆ ಸಿಗುವಂತೆ ಕೆತ್ತಿಸುತ್ತಿದ್ದರು. ಎಫೆಸ, ಸ್ಮಿರ್ನ, ಪೆರ್ಗಮ ಈ ಮೂರರ ನಡುವೆ ಯಾರು ದೊಡ್ಡವರೆಂಬ ತಕರಾರು ಎಷ್ಟು ಬೆಳೆಯಿತೆಂದರೆ ಅದು ಚಕ್ರವರ್ತಿ ಆಂಟೋನಿನಸ್ ಪಯಸ್‌ನವರೆಗೆ ಹೋಯಿತು. ಅವನು ಎಫೆಸದವರಿಗೆ ಬರೆದ ಕಾಗದ ಕಲ್ಲಿನ ಮೇಲೆ ಉಳಿದಿದೆ. ಪೆರ್ಗಮದವರು ನಿಮ್ಮ ಬಿರುದುಗಳನ್ನು ಸರಿಯಾಗಿ ಬಳಸಿದ್ದಾರೆ, ಸ್ಮಿರ್ನದವರು ಬಿಟ್ಟದ್ದು ಮರೆವಿನಿಂದ ಇರಬೇಕು ಎಂದು, ಮನೆಯ ಹಿರಿಯರು ಸಮಾಧಾನ ಹೇಳುವಂತೆ ಹೇಳುತ್ತಾನೆ. ಹೀಗೆ ಕಾದಾಡಿದ ಊರುಗಳೇ 'ಹೊಮೊನೊಇಯ', ಅಂದರೆ ಒಮ್ಮತ ಎಂದು ಬರೆಸಿ, ಎರಡೂ ಊರಿನ ದೇವರನ್ನು ಒಟ್ಟಿಗೆ ನಿಲ್ಲಿಸಿ ನಾಣ್ಯ ಹಾಕಿಸಿದ್ದೂ ಉಂಟು.

ತಮ್ಮ ಊರಲ್ಲಿ ಹುಟ್ಟಿದ ಹಿರಿಯರನ್ನೂ ಅವರು ಮರೆಯಲಿಲ್ಲ. ಹಲಿಕಾರ್ನಸಸ್‌ನ ನಾಣ್ಯದಲ್ಲಿ ಇತಿಹಾಸಕಾರ ಹೆರೊಡೊಟಸ್, ಕೋಸ್ ದ್ವೀಪದಲ್ಲಿ ವೈದ್ಯ ಹಿಪೊಕ್ರೆಟಿಸ್, ಮಿಟಿಲೀನಿಯಲ್ಲಿ ಕವಯಿತ್ರಿ ಸ್ಯಾಫೊ, ಸೇಮಾಸ್‌ನಲ್ಲಿ ಪೈಥಾಗೊರಸ್. ಕಣ್ಮರೆಯಾದ ಕೃತಿಗಳೂ ಈ ನಾಣ್ಯಗಳಲ್ಲಿ ಉಳಿದಿವೆ. ಶಿಲ್ಪಿ ಫಿಡಿಯಸ್ ಒಲಿಂಪಿಯಾದಲ್ಲಿ ಮಾಡಿದ ಸ್ಯೂಸ್‌ನ ಮಹಾಮೂರ್ತಿ ಎಂದೋ ನಾಶವಾಯಿತು. ಅದು ಹೇಗೆ ಕೂತಿತ್ತು, ಯಾವ ಕೈಯಲ್ಲಿ ಏನಿತ್ತು ಎಂಬುದಕ್ಕೆ ಇಂದು ನಮಗಿರುವ ಒಳ್ಳೆಯ ಸಾಕ್ಷಿಗಳಲ್ಲಿ ಹೇಡ್ರಿಯನ್ ಕಾಲದಲ್ಲಿ ಈಲಿಸ್ ಪಟ್ಟಣ ಹಾಕಿಸಿದ ಕಂಚಿನ ನಾಣ್ಯಗಳೂ ಸೇರಿವೆ. ಅಲೆಕ್ಸಾಂಡ್ರಿಯದ ದೀಪಸ್ತಂಭವೂ ಹಾಗೆಯೇ, ಬಿದ್ದುಹೋದ ಗೋಪುರ ನಾಣ್ಯದಲ್ಲಿ ನೆಟ್ಟಗೆ ನಿಂತಿದೆ.

ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಫ್ರಿಜಿಯದ ಅಪಾಮಿಯ. ಇವತ್ತಿನ ಟರ್ಕಿಯ ದಿನಾರ್ ಪಟ್ಟಣ ಅದರ ಜಾಗದಲ್ಲಿದೆ. ಆ ಊರಿಗೆ 'ಕಿಬೊಟೋಸ್', ಅಂದರೆ ಪೆಟ್ಟಿಗೆ, ಎಂಬ ಅಡ್ಡಹೆಸರಿತ್ತು. ಸೆಪ್ಟಿಮಿಯಸ್ ಸೆವೆರಸ್, ಮ್ಯಾಕ್ರಿನಸ್, ಫಿಲಿಪ್ ಇವರ ಕಾಲದ ಅಲ್ಲಿನ ನಾಣ್ಯಗಳಲ್ಲಿ ನೀರಿನ ಮೇಲೆ ತೇಲುವ ಚೌಕಾಕಾರದ ಪೆಟ್ಟಿಗೆ ಇದೆ, ಒಳಗೆ ಗಂಡು ಹೆಣ್ಣು ಇಬ್ಬರು. ಮುಚ್ಚಳದ ಮೇಲೊಂದು ಹಕ್ಕಿ, ಕೊಂಬೆ ಹಿಡಿದು ಹಾರಿಬರುವ ಇನ್ನೊಂದು ಹಕ್ಕಿ. ಪಕ್ಕದಲ್ಲೇ ಅದೇ ದಂಪತಿ ನೆಲಕ್ಕಿಳಿದು ಕೈ ಎತ್ತಿ ನಿಂತಿದ್ದಾರೆ. ಪೆಟ್ಟಿಗೆಯ ಮೇಲೆ ಮೂರು ಗ್ರೀಕ್ ಅಕ್ಷರ: ನೋಎ. ಯಹೂದ್ಯರ ನೋಹನ ಕಥೆ! ಗ್ರೀಕ್ ದೇವರುಗಳನ್ನು ಪೂಜಿಸುವ ಊರು, ರೋಮನ್ ಚಕ್ರವರ್ತಿಯ ಬೆನ್ನಿಗೆ, ಬೈಬಲಿನ ಜಲಪ್ರಳಯವನ್ನು ತನ್ನ ಕಥೆಯೆಂದು ಒತ್ತಿಸಿಕೊಂಡಿದೆ. ಯಹೂದ್ಯರೂ ಉಳಿದವರೂ ಆ ಊರಲ್ಲಿ ಒಂದೇ ಕಥೆಯನ್ನು ಹೇಳಿಕೊಳ್ಳುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಕಂಚು ಬಹುಮಟ್ಟಿಗೆ ತನ್ನ ಊರಿನ ಸುತ್ತಲೇ ಓಡಾಡಿತು. ಬೆಳ್ಳಿಯ ದಿನಾರಿಯನ್ನು ಚಿಲ್ಲರೆಗೆ ಬದಲಿಸಬೇಕಾದರೆ ಚಿನಿವಾರರ ಹತ್ತಿರ ಹೋಗಬೇಕು. ಪೆರ್ಗಮದಲ್ಲಿ ಸಿಕ್ಕಿದ ಹೇಡ್ರಿಯನ್ ಕಾಲದ ಶಾಸನವೊಂದು ಅವರ ವ್ಯವಹಾರವನ್ನು ಬಿಚ್ಚಿಡುತ್ತದೆ. ಒಂದು ದಿನಾರಿ ಕೊಳ್ಳಲು ಬಂದವರಿಂದ 18 ಕಂಚಿನ ಕಾಸು ತೆಗೆದುಕೊಳ್ಳುವುದು, ದಿನಾರಿ ತಂದವರಿಗೆ 17 ಕೊಡುವುದು. ನಡುವಿನ ಒಂದು ಕಾಸು ಚಿನಿವಾರರ ಪಾಲು. ಮೀನು ಮಾರುವವರವರೆಗೂ ಈ ಲೆಕ್ಕದ ತಗಾದೆ ಮುಟ್ಟಿತ್ತು.

ಬೆಳ್ಳಿಯ ಹಾದಿಯೇ ಬೇರೆ. ಅದು ತೂಕದಿಂದ ಬೆಲೆ ಪಡೆದು ನಮ್ಮ ತನಕ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಅವೆಲ್ಲ ಸಾಮ್ರಾಜ್ಯದ ದಿನಾರಿಗಳು, ವ್ಯಾಪಾರಕ್ಕಾಗಿ ಊರು ಬಿಟ್ಟವು. ನಾನು ಹೇಳುತ್ತಿರುವ ಕಂಚು ಊರು ಬಿಡದ ನಾಣ್ಯ. ಅದಕ್ಕೇ ಅದರ ಮೈಮೇಲೆ ಊರಿನ ಮಾತು ಅಷ್ಟು ದಟ್ಟವಾಗಿದೆ.

ಇನ್ನು ಅದನ್ನು ಮಾಡುವ ಬಗೆ. ಅಡೆಗಲ್ಲಿನಲ್ಲಿ ಕೂರಿಸಿದ ಕೆಳಗಿನ ಅಚ್ಚು, ಕೈಯಲ್ಲಿ ಹಿಡಿದ ಮೇಲಿನ ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿಂದ ಸುತ್ತಿಗೆಯ ಏಟು. ಏಟು ವಾರೆಯಾದರೆ ಚಕ್ರವರ್ತಿಯ ಮೂಗು ಅಂಚಿನಾಚೆ ಹೋಯಿತು. ಅನೇಕ ನಾಣ್ಯಗಳ ನಡುಮಧ್ಯೆ ಚಿಕ್ಕ ಕುಳಿಯಿರುತ್ತದೆ, ಬಿಲ್ಲೆಯನ್ನು ತಿರುಗಿಸಿ ನಯಮಾಡಿದ ಗುರುತು ಅದು. ಕೊನ್ರಾಡ್ ಕ್ರಾಫ್ಟ್ ಎಂಬ ಜರ್ಮನ್ ವಿದ್ವಾಂಸ 1972ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ದೊಡ್ಡ ಸಂಗತಿ ತೋರಿಸಿಕೊಟ್ಟ. ಏಷ್ಯಾ ಮೈನರಿನ ಬೇರೆ ಬೇರೆ ಊರುಗಳ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಗೆ ಬಳಸಿದ ಅಚ್ಚು ಒಂದೇ! ಅಂದರೆ ಹಲವು ಊರುಗಳಿಗೆ ಒಂದೇ ಕಾರ್ಖಾನೆ ಕೆಲಸ ಮಾಡುತ್ತಿತ್ತು, ಇಲ್ಲವೇ ಅಚ್ಚಿನವರು ಊರೂರು ತಿರುಗುತ್ತಿದ್ದರು. ಕೂದಲಿನ ಸುರುಳಿ, ಗಡ್ಡದ ಎಳೆ, ಅಕ್ಷರದ ಬಾಗು ಹೋಲಿಸುತ್ತಾ ಸಾವಿರಾರು ನಾಣ್ಯ ನೋಡಿದವರಿಗೆ ಮಾತ್ರ ದಕ್ಕುವ ಸತ್ಯ ಇದು.

ಶತಮಾನಗಳ ಕಾಲ ಶ್ರೀಮಂತ ಸಂಗ್ರಹಕಾರರು ಇವುಗಳತ್ತ ಹೆಚ್ಚಾಗಿ ತಿರುಗಿ ನೋಡಲಿಲ್ಲ. ಅವರ ಕಣ್ಣು ಸಿರಕ್ಯೂಸಿನ ಬೆಳ್ಳಿಯ ಮೇಲೆ, ಅಥೆನ್ಸಿನ ಗೂಬೆ ನಾಣ್ಯದ ಮೇಲೆ. ಅವು ಚೆಲುವಿನ ವಸ್ತುಗಳು, ನಿಜ. ಆದರೆ ಸವೆದ ಕಂಚನ್ನು ಓದಲು ಬೇರೆ ಬಗೆಯ ಪ್ರೀತಿ ಬೇಕು. ವಿಯೆನ್ನಾದ ಯೋಸೆಫ್ ಎಕೆಲ್ 1792ರಿಂದ 1798ರವರೆಗೆ ಎಂಟು ಸಂಪುಟ ಬರೆದು, ನಾಣ್ಯಗಳನ್ನು ಮೆಡಿಟರೇನಿಯನ್ ತೀರದ ಸುತ್ತ ಸೀಮೆ ಸೀಮೆಯಾಗಿ ಜೋಡಿಸಿದ. ಸ್ವಿಟ್ಜರ್ಲೆಂಡಿನ ವಿಂಟರ್ಥೂರಿನ ಫ್ರೆಡ್ರಿಕ್ ಇಮ್ಹೋಫ್-ಬ್ಲೂಮರ್ ಜೀವಮಾನವಿಡೀ ಕೂಡಿಟ್ಟ 20,000ಕ್ಕೂ ಹೆಚ್ಚು ನಾಣ್ಯಗಳು 1900ರಲ್ಲಿ ಬರ್ಲಿನ್ ಸಂಗ್ರಹಾಲಯ ಸೇರಿದವು. ಸವೆದವು, ಒಡೆದವು ಎಂದು ಅವನು ಬಿಟ್ಟವನಲ್ಲ, ಅರ್ಧ ಹೆಸರು ಉಳಿದಿದ್ದರೂ ಸಾಕು, ಊರನ್ನು ಪತ್ತೆ ಮಾಡುತ್ತಿದ್ದ. ಎಲ್ಲವನ್ನೂ ಒಂದೆಡೆ ತರುವ 'ರೋಮನ್ ಪ್ರಾವಿನ್ಷಿಯಲ್ ಕಾಯಿನೇಜ್' ಗ್ರಂಥಮಾಲೆಯ ಮೊದಲ ಸಂಪುಟ ಬಂದದ್ದು 1992ರಲ್ಲಿ. ಬರ್ನೆಟ್, ಅಮಾಂಡ್ರಿ, ರಿಪೊಯೆಸ್ ಎಂಬ ಮೂವರ ಶ್ರಮ ಅದು. ಆ ಕೆಲಸ ಇನ್ನೂ ನಡೆಯುತ್ತಿದೆ, ಪಟ್ಟಿಯಲ್ಲಿಲ್ಲದ ನಾಣ್ಯಗಳು ಇನ್ನೂ ಬರುತ್ತಿವೆ. ಸಾಧಾರಣ ಸಂಗ್ರಹಕಾರನೊಬ್ಬ ತನ್ನ ಮೇಜಿನ ಮೇಲಿನ ಒಂದು ತುಣುಕಿನಿಂದ ಇತಿಹಾಸಕ್ಕೆ ಒಂದು ಸಾಲು ಸೇರಿಸುವ ಅವಕಾಶ ಇಷ್ಟು ಹತ್ತಿರದಲ್ಲಿರುವ ಹವ್ಯಾಸ ಬೇರೊಂದನ್ನು ನಾನು ಕಾಣೆ.

ಓದುವುದು ಹೇಗೆ? ದೀಪವನ್ನು ನೇರ ಹಿಡಿಯಬಾರದು. ಬೆಳಕು ಪಕ್ಕದಿಂದ, ಓರೆಯಾಗಿ ಬೀಳಬೇಕು. ಆಗ ಸತ್ತಂತಿದ್ದ ಅಕ್ಷರಕ್ಕೆ ನೆರಳು ಹುಟ್ಟುತ್ತದೆ. ಮೊದಲು ಹಿಂಬದಿ ನೋಡಿ, ಊರಿನ ಹೆಸರಿನ ಎರಡು ಅಕ್ಷರ ಸಿಕ್ಕರೆ ಅರ್ಧ ದಾರಿ ಮುಗಿಯಿತು. ತೂಕ, ಅಗಲ ಬರೆದಿಡಿ. ಅಂಚನ್ನು ಪರೀಕ್ಷಿಸಿ. ಅಲ್ಲಿ ಎರಕದ ಕೂಡುಗೆರೆ ಕಂಡರೆ, ಮೈಮೇಲೆ ಗುಳ್ಳೆ ಗುಳ್ಳೆ ತೂತು ಕಂಡರೆ ಖೋಟಾ ಎಂದು ಅನುಮಾನಿಸಿ. ಗಟ್ಟಿಯಾಗಿ ಕೂತ ಕಡುಹಸಿರು ಹೊದಿಕೆ ನಾಣ್ಯದ ಚರ್ಮವಿದ್ದಂತೆ, ಅದನ್ನು ತೆಗೆಯಬಾರದು. ಮುಟ್ಟಿದರೆ ಉದುರುವ ತೆಳುಹಸಿರು ಪುಡಿ ಮಾತ್ರ ರೋಗ. ಲೋಹದೊಳಗಿನ ಕ್ಲೋರೈಡು ತೇವಕ್ಕೆ ಕೆರಳಿ ನಾಣ್ಯವನ್ನು ತಿನ್ನುತ್ತದೆ. ಅಂಥದ್ದನ್ನು ಬೇರೆಯಾಗಿ, ಒಣ ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸಬೇಕು.

ಕೊಳ್ಳುವ ಮನಸ್ಸಾದವರಿಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಾಣ್ಯ ಎಲ್ಲಿಂದ ಬಂತು, ಯಾರ ಸಂಗ್ರಹದಲ್ಲಿತ್ತು ಎಂಬ ಕಾಗದ ಕೇಳಿ. ಇಲ್ಲದಿದ್ದರೆ ಬಿಟ್ಟುಬಿಡಿ. ಟರ್ಕಿಯ ಕಾನೂನು ಇಂಥ ವಸ್ತುಗಳನ್ನು ದೇಶದಿಂದ ಸಾಗಿಸಲು ಬಿಡುವುದಿಲ್ಲ. ಕಳ್ಳ ಅಗೆತದಲ್ಲಿ ಎದ್ದ ನಾಣ್ಯ ತಾನು ಮಲಗಿದ್ದ ಮಣ್ಣನ್ನು ಕಳೆದುಕೊಂಡಿರುತ್ತದೆ. ಊರು ಬಿಡದ ನಾಣ್ಯಕ್ಕೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ, ಯಾವ ಮನೆಯಲ್ಲಿ, ಯಾವುದರ ಜೊತೆ ಇತ್ತು ಎಂಬುದೇ ಅದರ ಅರ್ಧ ಕಥೆ.

ನಮ್ಮ ನೆಲಕ್ಕೂ ಈ ಮಾತು ಸಲ್ಲುತ್ತದೆ. ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ ಸಿಕ್ಕರೆ, ಅದು ಯಾವ ರಾಜನದೇ ಆಗಿರಲಿ, ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಬಿಡಿಬಿಡಿಯಾಗಿ ಹಂಚಿಕೊಳ್ಳಬೇಡಿ, ಅಕ್ಕಸಾಲಿಗರ ಮೂಸೆಗೆ ಹಾಕಿಸಬೇಡಿ. ಸಿಕ್ಕಿದ ಜಾಗ, ಆಳ, ಜೊತೆಗಿದ್ದ ಮಡಕೆಚೂರು ಎಲ್ಲವನ್ನೂ ಗುರುತು ಮಾಡಿಕೊಂಡು ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ, ಪುರಾತತ್ವ ಇಲಾಖೆಯವರನ್ನು ಕರೆಸಿ. ಯಶವಂತಪುರದ ಆ 163 ನಾಣ್ಯಗಳ ಬಗ್ಗೆ ಇವತ್ತು ನಾನು ನಿಮಗೆ ಹೇಳಲು ಸಾಧ್ಯವಾದದ್ದು, ಸಿಕ್ಕಿದಾಗ ಯಾರೋ ಒಬ್ಬರು ಅವನ್ನು ಎಣಿಸಿ ಬರೆದಿಟ್ಟದ್ದರಿಂದ.